ಕೈಯಲ್ಲಿ ಆಟ, ದೂರದಲ್ಲಿ ಲೆಕ್ಕ

ಜಗಲಿಯ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಕವಡೆ ಬಿಟ್ಟು ಚೌಕಾಬಾರ ಆಡುವವರಿಗೆ ಆಟಕ್ಕೆ ಬೇಕಾದುದೆಲ್ಲವೂ ಕಣ್ಣೆದುರಿಗೇ ಇರುವುದು. ಎದುರಾಳಿ ಪಕ್ಕದ ಮನೆಯವನು. ಅವನ ಗುರುತನ್ನು ಯಾರೂ ಕೇಳಬೇಕಾಗಿಲ್ಲ. ಅವನು ಕಾಯನ್ನು ಒಂದು ಮನೆ ಹೆಚ್ಚಾಗಿ ನಡೆಸಿದನೆಂದರೆ ಕೂಡಲೆ ಗದ್ದಲವೇಳುವುದು. ನಿನ್ನೆ ಗೆದ್ದವರಾರು, ಮೊನ್ನೆ ಸೋತು ಮುನಿಸಿಕೊಂಡವರಾರು ಎಂಬುದು ಕಂಬಕ್ಕೊರಗಿ ಕುಳಿತ ಅಜ್ಜಿಯ ನೆನಪಿನಲ್ಲಿ ಭದ್ರವಾಗಿರುವುದು. ಸಂಜೆಯಾದೊಡನೆ "ಬಾರೋ, ಆಟಕ್ಕೆ ಒಬ್ಬ ಕಡಮೆ" ಎಂದು ಕೂಗಿದರೆ ಸಾಕು, ಆಟ ಮತ್ತೆ ಕೂಡುವುದು.

ಈಗ ಅದೇ ಹುಡುಗರ ಕೈಗೆ ಒಂದೊಂದು ಮೊಬೈಲ್ ಬಂದಿದೆ. ಒಬ್ಬನು ಹಾಸನದ ವಿದ್ಯಾರ್ಥಿನಿಲಯದಲ್ಲಿ ಕುಳಿತು, ಮತ್ತೊಬ್ಬನು ಬೆಳಗಾವಿಯಲ್ಲಿ ಬಸ್ಸಿಗಾಗಿ ಕಾಯುತ್ತ, ಒಂದೇ ಆಟವನ್ನು ಆಡುತ್ತಾರೆ. ಮೂರನೆಯವನು ಬ್ರೆಜಿಲ್ ದೇಶದವನೂ ಆಗಿರಬಹುದು. ಆಟ ಮುಗಿದೊಡನೆ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ: ಜಗತ್ತಿನಲ್ಲಿ ನಿಮ್ಮ ಸ್ಥಾನ ಇಂತಿಷ್ಟನೆಯದು, ಗೆಳೆಯರಲ್ಲಿ ನೀವು ಮೂರನೆಯವರು. ಗುರುತು ಹಿಡಿಯುವ, ತಪ್ಪಾಟವನ್ನು ತಡೆಯುವ, ಗೆಲುವನ್ನು ನೆನಪಿಡುವ, ಆಟಕ್ಕೆ ಕರೆಯುವ ಕೆಲಸಗಳೆಲ್ಲ ಜಗಲಿಯಿಂದ ಎದ್ದು ಬೇರೆಲ್ಲಿಗೋ ಹೋಗಿವೆ. ಎಲ್ಲಿಗೆ ಹೋದುವು, ಅಲ್ಲಿ ಅವುಗಳನ್ನು ಯಾರು, ಹೇಗೆ ನಡೆಸುತ್ತಿದ್ದಾರೆ ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ಮೊಬೈಲುಗಳಲ್ಲಿ ಇಂಟರ್ನೆಟ್ ಸಾಮಾನ್ಯವಾಗುವುದಕ್ಕೆ ಮೊದಲೇ ಅವುಗಳಲ್ಲಿ ಆಟಗಳಿದ್ದುವು. 1997ರಲ್ಲಿ ನೋಕಿಯಾ 6110 ಎಂಬ ಮೊಬೈಲಿನೊಡನೆ ಬಂದ ಹಾವಿನ ಆಟವನ್ನು ಹಿರಿಯರಲ್ಲಿ ಅನೇಕರು ಬಲ್ಲರು. ಎರಡು ಮೊಬೈಲುಗಳನ್ನು ಎದುರುಬದುರಾಗಿ ಹಿಡಿದರೆ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೂಲಕ ಇಬ್ಬರು ಕೂಡಿಯೂ ಅದನ್ನು ಆಡಬಹುದಾಗಿತ್ತು. ಆದರೆ ಗಳಿಸಿದ ಅಂಕವು ಆ ಮೊಬೈಲಿನಲ್ಲಿಯೇ ಉಳಿಯುತ್ತಿತ್ತು. ಅದನ್ನು ಕಾಣಬೇಕೆಂದವನು ಮೊಬೈಲನ್ನು ಕೈಗೆ ತೆಗೆದುಕೊಂಡೇ ಕಾಣಬೇಕಾಗಿತ್ತು.

2008ರ ಜುಲೈ ತಿಂಗಳಿನಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಐಫೋನಿಗಾಗಿ ಆ್ಯಪ್‌ಗಳ ಅಂಗಡಿಯನ್ನು ತೆರೆದಾಗ ಸನ್ನಿವೇಶ ಬದಲಾಯಿತು. ಇಬ್ಬರು ಮೂವರು ಸೇರಿ ಕಟ್ಟಿದ ಆಟವೂ ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿಬರಬಹುದಾಯಿತು. ಆದರೆ ಆಟವನ್ನು ಕಟ್ಟುವುದು ಬೇರೆ, ಲಕ್ಷಾಂತರ ಆಟಗಾರರ ಲೆಕ್ಕವನ್ನು ಹಗಲಿರುಳು ಇಡುವುದು ಬೇರೆ. ಎರಡನೆಯದಕ್ಕೆ ಎಂದೂ ಮಲಗದ ಗಣಕಯಂತ್ರಗಳು, ಅಂದರೆ ಸರ್ವರುಗಳು, ಬೇಕು. ಅವುಗಳನ್ನು ನೋಡಿಕೊಳ್ಳುವ ಜನ ಬೇಕು. ಒಬ್ಬೊಬ್ಬ ಆಟ ಕಟ್ಟುವವನೂ ಇದನ್ನು ಮಾಡಿಕೊಳ್ಳುವುದಕ್ಕೆ ಬದಲಾಗಿ, ನೂರಾರು ಆಟಗಳಿಗೆ ಸಾಮಾನ್ಯವಾದ ಒಂದು ಲೆಕ್ಕದ ಮನೆ ಏಕಿರಬಾರದು? ಈ ಯೋಚನೆಯಿಂದ ಹುಟ್ಟಿದುದೇ ಮೊಬೈಲಿನ ಸಾಮಾಜಿಕ ಆಟಗಳ ಜಾಲ. ಅಂಥವುಗಳಲ್ಲಿ ಮೊದಮೊದಲಿನದೂ ಬಹು ಬೇಗ ಬೆಳೆದುದೂ ಓಪನ್‌ಫೀಂಟ್. ಕ್ಯಾಲಿಫೋರ್ನಿಯಾದಲ್ಲಿ ಜೇಸನ್ ಸಿಟ್ರನ್ ಮತ್ತು ಡೇನಿಯಲ್ ಕ್ಯಾಸ್ಲಿ ಎಂಬವರು 2009ರಲ್ಲಿ ಇದನ್ನು ಆರಂಭಿಸಿದರು. ಇಂದು ನಮ್ಮ ಮೊಬೈಲುಗಳಲ್ಲಿರುವ ಇಂಥ ಜಾಲಗಳ ಗುಣಗಳೂ ದೋಷಗಳೂ ಅದರ ಸಣ್ಣ ಬಾಳಿನಲ್ಲಿಯೇ ಕಾಣಿಸಿಕೊಂಡಿದ್ದುವಾದುದರಿಂದ, ನಾವು ಅದನ್ನೇ ಉದಾಹರಣೆಯಾಗಿ ಹಿಡಿಯುತ್ತೇವೆ.

ಮೊದಲು ಗುರುತಿನ ಮಾತು. ನಿಮ್ಮ ಗೆಳೆಯರು ಯಾರೆಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ? ಅತ್ಯಂತ ಸುಲಭವಾದ ಮಾರ್ಗವೆಂದರೆ ನಿಮ್ಮ ಮೊಬೈಲಿನಲ್ಲಿರುವ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಸರ್ವರಿಗೆ ತರಿಸಿಕೊಂಡು, ಅದರಲ್ಲಿ ಯಾರು ಯಾರು ಈ ಮೊದಲೇ ಆಟಗಾರರಾಗಿದ್ದಾರೆಂದು ಹೋಲಿಸಿ ನೋಡುವುದು. ಓಪನ್‌ಫೀಂಟ್ ಹುಟ್ಟುವುದಕ್ಕೆ ಮೊದಲು ಅದರ ಸ್ಥಾಪಕರು 2008ರಲ್ಲಿ ಹೊರತಂದ ಆರೋರಾ ಫೀಂಟ್ ಎಂಬ ಆಟವು ಮಾಡಿದುದೂ ಇದನ್ನೇ. ಪಟ್ಟಿಯು ಯಾವ ಗುಪ್ತಲಿಪಿಯ ಮರೆಯೂ ಇಲ್ಲದೆ, ಅಂಚೆ ಕಾರ್ಡಿನ ಮೇಲಿನ ಬರಹದಂತೆ ಬಯಲಾಗಿ ಸಾಗುತ್ತಿದ್ದುದು ತಿಳಿದುಬಂದು, ಆ್ಯಪಲ್ ಸಂಸ್ಥೆಯು ಆಟವನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ದೋಷವನ್ನು ತಿದ್ದಿದ ಮೇಲೆ ಮತ್ತೆ ಸೇರಿಸಿಕೊಂಡಿತು.

ಸಂಖ್ಯೆಗಳನ್ನು ಬಯಲಾಗಿ ಕಳುಹಿಸದೆ, ಪುಡಿಮಾಡಿ ಕಳುಹಿಸುವ ಒಂದು ಕ್ರಮವುಂಟು. ಬೀಸುವ ಕಲ್ಲಿಗೆ ಹಾಕಿದ ರಾಗಿ ಹಿಟ್ಟಾಗಿ ಬರುವುದು. ಹಿಟ್ಟಿನಿಂದ ರಾಗಿಯನ್ನು ಮರಳಿ ಪಡೆಯಲಾಗದು. ಹಾಗೆಯೇ ಗಣಿತದ ಒಂದು ಸೂತ್ರವು ದೂರವಾಣಿ ಸಂಖ್ಯೆಯನ್ನು ಗುರುತು ಸಿಕ್ಕದ ಅಕ್ಷರಮಾಲೆಯನ್ನಾಗಿ ಮಾಡಬಲ್ಲುದು. ಒಂದೇ ಸಂಖ್ಯೆಯಿಂದ ಯಾವಾಗಲೂ ಒಂದೇ ಮಾಲೆ ಬರುವುದರಿಂದ, ಮಾಲೆಗಳನ್ನು ಹೋಲಿಸಿಯೇ ಗೆಳೆಯರನ್ನು ಪತ್ತೆಹಚ್ಚಬಹುದು. ಉಪಾಯವೇನೋ ಸೊಗಸಾಗಿದೆ. ಆದರೆ ನಮ್ಮ ದೇಶದ ಮೊಬೈಲ್ ಸಂಖ್ಯೆಗಳನ್ನು ನೋಡಿ: ಹತ್ತು ಅಂಕಿಗಳು, ಮೊದಲನೆಯದು 6, 7, 8 ಅಥವಾ 9. ಒಟ್ಟು ಸಾಧ್ಯವಾದ ಸಂಖ್ಯೆಗಳು 400 ಕೋಟಿ ಮಾತ್ರ. ಈ ಎಲ್ಲ ಸಂಖ್ಯೆಗಳನ್ನೂ ಅದೇ ಕಲ್ಲಿಗೆ ಹಾಕಿ ಬೀಸಿ, ಬಂದ ಹಿಟ್ಟನ್ನೆಲ್ಲ ಹೋಲಿಸಿ ನೋಡಲು ಈ ಕಾಲದ ಗಣಕಕ್ಕೆ ಒಂದು ದಿನವೂ ಬೇಡ. ಆದುದರಿಂದ "ನಾವು ಸಂಖ್ಯೆಗಳನ್ನು ಪುಡಿಮಾಡಿಯೇ ಒಯ್ಯುತ್ತೇವೆ" ಎಂಬ ಭರವಸೆಯನ್ನು ಕೇಳಿದಾಗ, ಕಾಳುಗಳ ಬಗೆ ಎಷ್ಟು ಎಂದು ಎಣಿಸಿ ನೋಡುವುದು ಒಳ್ಳೆಯದು. ಅಷ್ಟೇ ಅಲ್ಲದೆ, ಆ ಪಟ್ಟಿಯಲ್ಲಿರುವ ಸಂಖ್ಯೆಗಳು ಆಟಗಾರನವಲ್ಲ. ಅವನ ಸೋದರಮಾವನವು, ಉಪಾಧ್ಯಾಯರವು, ಹಾಲಿನವನವು. ಅವರನ್ನು ಯಾರೂ ಕೇಳಿರುವುದಿಲ್ಲ.

ಇನ್ನು ಪಟ್ಟಿಯ ವಿಷಯಕ್ಕೆ ಬರೋಣ. ಒಂದು ಆಟಕ್ಕೆ ಒಂದು ಕೋಟಿ ಆಟಗಾರರಿದ್ದಾರೆಂದೂ ನೀವು 8,450 ಅಂಕಗಳನ್ನು ಪಡೆದಿರೆಂದೂ ಇಟ್ಟುಕೊಳ್ಳೋಣ. ನಿಮ್ಮ ಸ್ಥಾನ ಎಷ್ಟನೆಯದು? ಒಬ್ಬೊಬ್ಬರ ಅಂಕವನ್ನೂ ನೋಡುತ್ತ, ನಿಮಗಿಂತ ಹೆಚ್ಚು ಪಡೆದವರನ್ನು ಎಣಿಸುತ್ತ ಹೋದರೆ ಒಂದು ಕೋಟಿ ಹೋಲಿಕೆಗಳಾಗುವುವು. ಅದೇ ಕ್ಷಣದಲ್ಲಿ ಸಾವಿರಾರು ಜನ ಇದೇ ಪ್ರಶ್ನೆಯನ್ನು ಕೇಳುತ್ತಿರುವರು. ಈ ದಾರಿಯಲ್ಲಿ ಹೊರಟರೆ ಎಂಥ ಯಂತ್ರವೂ ಬಳಲೀತು.

ಇದಕ್ಕೆ ಕಂಡುಕೊಂಡಿರುವ ಉಪಾಯ ಕವಲೊಡೆಯುವ ಮರದ ರೂಪದ್ದು. ಎಲ್ಲ ಅಂಕಗಳ ನಡುವಣ ಒಂದು ಅಂಕವನ್ನು ಆರಿಸಿ ಬುಡದಲ್ಲಿಡಬೇಕು. ಅದಕ್ಕಿಂತ ಹೆಚ್ಚಿನವೆಲ್ಲ ಬಲದ ಕೊಂಬೆಗೆ, ಕಡಮೆಯವೆಲ್ಲ ಎಡದ ಕೊಂಬೆಗೆ. ಪ್ರತಿಯೊಂದು ಕೊಂಬೆಯೂ ಇದೇ ರೀತಿ ಮತ್ತೆ ಎರಡಾಗಿ ಕವಲೊಡೆಯುವುದು. ಇಲ್ಲಿಯ ಜಾಣತನವೆಂದರೆ, ಪ್ರತಿಯೊಂದು ಕವಲಿನ ಬಳಿಯಲ್ಲಿಯೂ ಅದರಿಂದಾಚೆಗೆ ಎಷ್ಟು ಮಂದಿ ಇದ್ದಾರೆಂಬ ಸಂಖ್ಯೆಯನ್ನು ಬರೆದಿಡುವುದು. ಈಗ ನಿಮ್ಮ 8,450ನ್ನು ಹಿಡಿದುಕೊಂಡು ಬುಡದಿಂದ ಹೊರಡಿ. ಎಡಕ್ಕೆ ತಿರುಗಬೇಕಾದಾಗಲೆಲ್ಲ ಬಲದ ಕೊಂಬೆಯಲ್ಲಿರುವವರೂ ಕವಲಿನಲ್ಲಿ ಕುಳಿತವನೂ ನಿಮಗಿಂತ ಮುಂದಿರುವವರೇ ಆದುದರಿಂದ, ಅಲ್ಲಿ ಬರೆದ ಸಂಖ್ಯೆಯನ್ನು ಕೂಡಿಕೊಳ್ಳಿ. ಬಲಕ್ಕೆ ತಿರುಗಿದರೆ ಏನನ್ನೂ ಕೂಡಬೇಕಾಗಿಲ್ಲ. 2ನ್ನು 24 ಸಲ ಗುಣಿಸಿದರೆ 1,67,77,216 ಆಗುವುದು. ಆದುದರಿಂದ ಒಂದು ಕೋಟಿ ಜನರ ನಡುವೆ ನಿಮ್ಮ ಸ್ಥಾನವನ್ನು ತಿಳಿಯಲು ಸುಮಾರು 24 ತಿರುವುಗಳು ಸಾಕು. ಆಟಗಾರರು ಎರಡು ಕೋಟಿಯಾದರೆ ಹೆಚ್ಚುವುದು ಒಂದೇ ತಿರುವು! ಕೊಂಬೆಗಳು ಒಂದೇ ಕಡೆಗೆ ವಾಲದಂತೆ ನೋಡಿಕೊಳ್ಳುವುದಕ್ಕೆ ಬೇರೆ ಕೆಲವು ಚಾತುರ್ಯಗಳು ಬೇಕು. ಆ ವಿಷಯವನ್ನು ಗಣಕವಿಜ್ಞಾನದ ವಿದ್ಯಾರ್ಥಿಗಳು ತಮ್ಮ ಪಠ್ಯಗಳಲ್ಲಿ ಓದಿಕೊಳ್ಳಬಹುದು.

ಇಷ್ಟು ಶ್ರಮದಿಂದ ಕಂಡುಹಿಡಿದ ಸ್ಥಾನ 43,12,077ನೆಯದಾದರೆ ಅದರಿಂದ ಯಾರ ಮನಸ್ಸಿಗೆ ಏನು ಸಂತೋಷ? ಹನ್ನೆರಡು ಗೆಳೆಯರಲ್ಲಿ ಮೂರನೆಯವನೆಂಬುದರಲ್ಲಿ ಸಂತೋಷವಿದೆ, ಎರಡನೆಯವನನ್ನು ಹಿಂದೆ ಹಾಕಬೇಕೆಂಬ ಛಲವೂ ಇದೆ. ಹನ್ನೆರಡು ಅಂಕಗಳನ್ನು ಹೋಲಿಸುವುದು ಯಂತ್ರಕ್ಕೆ ಏನೂ ಶ್ರಮವಲ್ಲ. ಸಾಮಾಜಿಕ ಜಾಲದ ಬಲವೆಲ್ಲ ಈ ಸಣ್ಣ ಪಟ್ಟಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಆದರೆ ಪಟ್ಟಿಯಲ್ಲಿರುವ ಅಂಕ ನಿಜವೇ? ಚೌಕಾಬಾರದಲ್ಲಿ ಕವಡೆ ಎಲ್ಲರ ಕಣ್ಣ ಮುಂದೆ ಬೀಳುವುದು. ಮೊಬೈಲಿನ ಆಟವಾದರೋ ಆಟಗಾರನ ಕೈಯಲ್ಲಿರುವ ಯಂತ್ರದೊಳಗೇ ನಡೆದು, ಕೊನೆಗೆ "ಇವನು ಇಷ್ಟು ಗಳಿಸಿದನು" ಎಂಬ ಒಂದು ಸಂದೇಶ ಮಾತ್ರ ಸರ್ವರಿಗೆ ಹೋಗುವುದು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕವಿತ್ತು ಕಳುಹಿಸುವ ವಿದ್ಯಾರ್ಥಿಯ ಸ್ಥಿತಿ ಇದು. ಮೊಬೈಲಿನ ಒಳಹೊರಗನ್ನು ಬಲ್ಲವನು ಆ ಸಂದೇಶವನ್ನು ದಾರಿಯಲ್ಲಿ ತಡೆದು, ಬೇಕಾದ ಸಂಖ್ಯೆಯನ್ನು ತುಂಬಬಹುದು. ಆ್ಯಪಲ್ ಸಂಸ್ಥೆಯು 2010ರ ಸೆಪ್ಟೆಂಬರಿನಲ್ಲಿ ಗೇಮ್ ಸೆಂಟರ್ ಎಂಬ ತನ್ನದೇ ಜಾಲವನ್ನು ತೆರೆದ ಮೇಲೆ, ಅದರಲ್ಲಿಯ ಅನೇಕ ಆಟಗಳ ಪಟ್ಟಿಯ ತುದಿಯಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಕಾಣಿಸಿಕೊಂಡಿತು: 9223372036854775807. ಇದೇನು ವಿಚಿತ್ರ ಸಂಖ್ಯೆ? 2ನ್ನು 63 ಸಲ ಗುಣಿಸಿ ಒಂದನ್ನು ಕಳೆಯಿರಿ, ಇದೇ ಬರುವುದು. ಗಣಕವು 64 ಮನೆಗಳಲ್ಲಿ ಸೊನ್ನೆ ಒಂದುಗಳನ್ನು ತುಂಬಿ ಸಂಖ್ಯೆಯನ್ನು ಬರೆಯುವಾಗ, ಒಂದು ಮನೆ ಧನ ಋಣಗಳ ಚಿಹ್ನೆಗೆ ಹೋಗಿ 63 ಉಳಿಯುವುವು. ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. ಕಳ್ಳರು ಪಾತ್ರೆಯನ್ನು ತುದಿಯವರೆಗೂ ತುಂಬಿ, ತಮ್ಮ ಕೈಚಳಕದ ಗುರುತನ್ನು ತಾವೇ ಬಿಟ್ಟುಹೋಗಿದ್ದರು.

ಇದನ್ನು ತಡೆಯಲು ಸಂದೇಶಕ್ಕೆ ಗುಪ್ತಮುದ್ರೆ ಹಾಕುವುದುಂಟು. ಮುದ್ರೆಯೊತ್ತುವ ಅಚ್ಚು ಕೂಡ ಕಳ್ಳನ ಮೊಬೈಲಿನಲ್ಲಿಯೇ ಇರುವುದರಿಂದ ಅದು ಅರ್ಧ ರಕ್ಷಣೆ. ಮೂರು ನಿಮಿಷದ ಆಟದಲ್ಲಿ ಹತ್ತು ಲಕ್ಷ ಅಂಕ ಗಳಿಸಿದವನನ್ನು ಸಂಶಯಿಸುವುದುಂಟು. ನಿಜವಾದ ಪರಿಹಾರವೆಂದರೆ ಆಟದ ತೀರ್ಪನ್ನೇ ಸರ್ವರಿಗೆ ಒಪ್ಪಿಸುವುದು: ಮೊಬೈಲು "ಆಟಗಾರನು ಇಲ್ಲಿ ಮುಟ್ಟಿದನು, ಅಲ್ಲಿ ಎಳೆದನು" ಎಂದಷ್ಟೇ ವರದಿ ಮಾಡಬೇಕು, ಅದರ ಫಲವೇನೆಂಬುದನ್ನು ದೂರದ ಯಂತ್ರ ನಿರ್ಣಯಿಸಬೇಕು. ಹಲವರು ಕೂಡಿ ಒಮ್ಮೆಗೇ ಆಡುವ ಇಂದಿನ ದೊಡ್ಡ ಆಟಗಳಲ್ಲಿ ಬಹುಪಾಲು ಹೀಗೆಯೇ ನಡೆಯುವುದು.

ಆದರೆ ದೂರಕ್ಕೆ ಒಂದು ಬೆಲೆಯುಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿ ನೇರವಾಗಿ ಸುಮಾರು 850 ಕಿ.ಮೀ.; ಸಂದೇಶ ಹೋಗಿ ಬರಲು ಸೆಕೆಂಡಿನ ಸಾವಿರದ ಒಂಬತ್ತು ಭಾಗ ಸಾಕು. ಸರ್ವರು ಅಮೆರಿಕದ ಪೂರ್ವತೀರದಲ್ಲಿದ್ದರೆ ದೂರ 14,000 ಕಿ.ಮೀ.; ಆಗ ಸಾವಿರದ 140 ಭಾಗವಾದರೂ ಬೇಕು. ಎಳೆಗಳು ನೇರವಾಗಿ ಹೋಗದೆ ಸಮುದ್ರದಡಿಯಲ್ಲಿ ಸುತ್ತಿ ಬಳಸಿ ಹೋಗುವುದರಿಂದ ನಿಜವಾದ ಕಾಲ ಇನ್ನೂ ಹೆಚ್ಚು. ಚದುರಂಗಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಗುಂಡು ಹಾರಿಸುವ ಆಟದಲ್ಲಿ ಮಾತ್ರ, ನೀವು ಗುರಿಯಿಟ್ಟ ಶತ್ರು ಅಷ್ಟರಲ್ಲಿ ಅಲ್ಲಿಂದ ಸರಿದಿರುತ್ತಾನೆ. ಆದುದರಿಂದ ಮೊಬೈಲು ಮುಂದಾಗುವುದನ್ನು ಊಹಿಸಿ ತೆರೆಯ ಮೇಲೆ ತೋರಿಸಿ, ಸರ್ವರಿನಿಂದ ಉತ್ತರ ಬಂದ ಮೇಲೆ ಊಹೆಯನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ಓಡುತ್ತಿದ್ದ ವೀರನು ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಹಿಂದಕ್ಕೆ ಜಿಗಿದಂತೆ ಕಂಡರೆ, ಊಹೆ ತಪ್ಪಿತೆಂದು ತಿಳಿಯಬೇಕು.

ಎದುರಾಳಿಯನ್ನು ಆರಿಸುವ ವಿಧಾನದ ಹಿಂದೆ ಒಬ್ಬ ಭೌತವಿಜ್ಞಾನದ ಪ್ರಾಧ್ಯಾಪಕನಿದ್ದಾನೆ. ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿ ನಗರದ ಮಾರ್ಕೆಟ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಆರ್ಪಾದ್ ಎಲೊ, ಚದುರಂಗದ ಆಟಗಾರರ ಬಲವನ್ನು ಅಳೆಯಲು ಒಂದು ಕ್ರಮವನ್ನು ರೂಪಿಸಿದನು. ಅಮೆರಿಕದ ಚದುರಂಗ ಒಕ್ಕೂಟ 1960ರಲ್ಲಿಯೂ ಅಂತರರಾಷ್ಟ್ರೀಯ ಒಕ್ಕೂಟ 1970ರಲ್ಲಿಯೂ ಅದನ್ನು ಸ್ವೀಕರಿಸಿದುವು. 1600 ಬಲಾಂಕದವನಿಗೂ 1400ರವನಿಗೂ ಆಟ ನಡೆದರೆ, ನೂರಕ್ಕೆ ಸುಮಾರು 76 ಪಾಲು ಮೊದಲನೆಯವನದೆಂದು ಈ ಕ್ರಮ ನಿರೀಕ್ಷಿಸುತ್ತದೆ. ನಿರೀಕ್ಷೆಗೂ ಫಲಕ್ಕೂ ಇರುವ ಅಂತರವನ್ನು 20ರಿಂದ ಗುಣಿಸುವೆವೆನ್ನೋಣ. ಬಲಶಾಲಿ ಗೆದ್ದರೆ ಅವನಿಗೆ ದೊರೆಯುವುದು 5 ಅಂಕ. ಸೋತರೆ ಕಳೆದುಕೊಳ್ಳುವುದು 15. ಇಂದಿನ ಮೊಬೈಲ್ ಆಟಗಳು ಕಿರೀಟ, ಪದಕ, ಮೆಟ್ಟಿಲು ಎಂಬ ನಾನಾ ಹೆಸರುಗಳಿಂದ ಕರೆಯುವ ಬಲಾಂಕಗಳು ಬಹುಮಟ್ಟಿಗೆ ಇದರ ಸಂತತಿ. ಸಮಬಲರನ್ನು ಸಮಬಲರೊಡನೆ ಸೇರಿಸುವುದರಿಂದ ಯಾರು ಎಷ್ಟೇ ಪಳಗಿದರೂ ಗೆಲುವು ಸುಮಾರು ಅರ್ಧಕ್ಕೇ ನಿಲ್ಲುವುದು. ಅಭ್ಯಾಸದಿಂದ ತಾನು ಮುಂದುವರಿದೆನೋ ಇಲ್ಲವೋ ಎಂದು ಪರಿತಪಿಸುವ ವಿದ್ಯಾರ್ಥಿಗೆ ಕಾರಣ ಇದು! ಹೊಸಬರು ಮೊದಲ ದಿನವೇ ಸೋತು ಓಡಿಹೋಗಬಾರದೆಂದು, ಯಂತ್ರವೇ ನಡೆಸುವ ಹುಸಿ ಆಟಗಾರರನ್ನು ಅವರೆದುರಿಗೆ ನಿಲ್ಲಿಸುವ ಆಟಗಳೂ ಇವೆ. ಮೊದಲ ಗೆಲುವುಗಳ ಸಂಭ್ರಮದಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ.

ಆಟಕ್ಕೆ ಕರೆಯುವ ಕೆಲಸವನ್ನಂತೂ ಯಂತ್ರವು ಯಾವ ಗೆಳೆಯನಿಗಿಂತಲೂ ಹೆಚ್ಚು ಶ್ರದ್ಧೆಯಿಂದ ಮಾಡುತ್ತದೆ. ಆಟವನ್ನು ಮುಚ್ಚಿಟ್ಟಿರುವಾಗಲೂ ಸಂದೇಶವನ್ನು ತೆರೆಯ ಮೇಲೆ ಮೂಡಿಸುವ ವ್ಯವಸ್ಥೆ ಐಫೋನಿಗೆ 2009ರಲ್ಲಿ ಬಂದಿತು. 2012ರ ನವೆಂಬರಿನಲ್ಲಿ ಮೊಬೈಲಿಗೆ ಬಂದ ಕ್ಯಾಂಡಿ ಕ್ರಷ್ ಸಾಗಾ ಎಂಬ ಆಟವನ್ನು ನೋಡಿ. ಆಟಗಾರನಿಗೆ ಐದು ಜೀವಗಳು, ಸೋತಾಗಲೊಂದು ಹೋಗುವುದು, ಹೋದುದು ಮರಳಲು 30 ನಿಮಿಷ ಬೇಕು. ಐದೂ ಮುಗಿದರೆ ಪೂರ್ಣವಾಗಿ ತುಂಬಲು ಎರಡೂವರೆ ಗಂಟೆ. ಕಾಯಲಾರದವನಿಗೆ ಎರಡು ದಾರಿಗಳು: ಹಣ ಕೊಟ್ಟು ಕೊಳ್ಳುವುದು, ಅಥವಾ ಗೆಳೆಯನಿಂದ ಒಂದು ಜೀವವನ್ನು ಬೇಡುವುದು. ಬೇಡಿಕೆ ಗೆಳೆಯನ ಮೊಬೈಲಿಗೆ ಹೋಗುವುದು. ಅವನು ಆಟವನ್ನು ಮರೆತಿದ್ದರೆ ನೆನಪಾಗುವುದು. ಕೊಡುವವನಿಗೆ ಏನೂ ಖರ್ಚಿಲ್ಲ, ಆದರೂ ಪಡೆದವನಿಗೆ ಋಣಭಾವ. ನಮ್ಮ ಅಭಿಪ್ರಾಯದಲ್ಲಿ, ಈ ಜಾಲಗಳಲ್ಲಿ ಅತ್ಯಂತ ನಿಪುಣವಾದ ಭಾಗ ಮರದ ಕವಲುಗಳೂ ಅಲ್ಲ, ಬಲಾಂಕದ ಸೂತ್ರವೂ ಅಲ್ಲ. ಗೆಳೆತನದ ದಾಕ್ಷಿಣ್ಯವನ್ನು ಸಂಸ್ಥೆಯೊಂದರ ಕರಪತ್ರ ಹಂಚುವ ಕೆಲಸಕ್ಕೆ ಹಚ್ಚಿದ ಈ ಮೂವತ್ತು ನಿಮಿಷಗಳ ಗಡಿಯಾರ.

ಮತ್ತೆ ಓಪನ್‌ಫೀಂಟಿಗೆ ಬರೋಣ. 2011ರ ವೇಳೆಗೆ ಅದರ ಪುಸ್ತಕದಲ್ಲಿ ಏಳೂವರೆ ಕೋಟಿ ಆಟಗಾರರ ಹೆಸರುಗಳಿದ್ದುವು. ಆ ವರುಷದ ಏಪ್ರಿಲ್ ತಿಂಗಳಿನಲ್ಲಿ ಜಪಾನಿನ ಗ್ರೀ ಎಂಬ ಸಂಸ್ಥೆಯು ಅದನ್ನು 10.4 ಕೋಟಿ ಡಾಲರುಗಳಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅದೇ ವರುಷ ಒಂದು ಆತಂಕದ ಸಂಗತಿಯೂ ಹೊರಬಿದ್ದಿತು. ಆಗಿನ ಪ್ರತಿಯೊಂದು ಐಫೋನಿಗೂ 40 ಚಿಹ್ನೆಗಳ, ಎಂದಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರುತ್ತಿತ್ತು. ಹೆಸರೂ ಊರೂ ಇಲ್ಲದ ಬರಿಯ ಸಂಖ್ಯೆಯಿಂದ ಏನಾದೀತೆಂದು ಅನೇಕ ಆ್ಯಪ್‌ಗಳು ಅದನ್ನು ಧಾರಾಳವಾಗಿ ಬಳಸುತ್ತಿದ್ದುವು. ಆದರೆ ಆ ಸಂಖ್ಯೆಯೊಂದನ್ನೇ ಕೊಟ್ಟು ಓಪನ್‌ಫೀಂಟಿನ ಸರ್ವರನ್ನು ವಿಚಾರಿಸಿದರೆ ಆಟಗಾರನ ಖಾತೆಯ ವಿವರಗಳೂ, ಕೆಲವು ಸಂದರ್ಭಗಳಲ್ಲಿ ಅವನಿದ್ದ ಸ್ಥಳವೂ ಫೇಸ್‌ಬುಕ್ ಪುಟದ ಸುಳಿವೂ ದೊರೆಯುತ್ತಿದ್ದುದನ್ನು ಸಂಶೋಧಕರೊಬ್ಬರು ತೋರಿಸಿಕೊಟ್ಟರು. ಬೇರೆ ಬೇರೆಯಾಗಿ ನಿರುಪದ್ರವವಾಗಿದ್ದ ಎರಡು ಕಡತಗಳು ಒಂದೇ ಸಂಖ್ಯೆಯ ದಾರದಿಂದ ಹೊಲಿಯಲ್ಪಟ್ಟಾಗ ಮನುಷ್ಯನ ಮುಖ ಮೂಡಿತ್ತು. 2013ರ ಮೇ 1ರಿಂದ ಆ್ಯಪಲ್ ಸಂಸ್ಥೆಯು ಈ ಸಂಖ್ಯೆಯನ್ನು ಓದುವ ಆ್ಯಪ್‌ಗಳನ್ನು ತನ್ನ ಅಂಗಡಿಗೆ ಸೇರಿಸುವುದನ್ನು ನಿಲ್ಲಿಸಿತು.

ಅಷ್ಟು ಹೊತ್ತಿಗೆ ಓಪನ್‌ಫೀಂಟೇ ಇರಲಿಲ್ಲ. ಕೊಂಡ ಸಂಸ್ಥೆಗೆ ತನ್ನದೇ ಆದ ಜಾಲವಿದ್ದಿತು. ಕೆಲವೇ ವಾರಗಳ ಮುನ್ಸೂಚನೆಯೊಡನೆ 2012ರ ಡಿಸೆಂಬರಿನಲ್ಲಿ ಓಪನ್‌ಫೀಂಟನ್ನು ಮುಚ್ಚಲಾಯಿತು. ಆಟಗಳು ನಿಲ್ಲಲಿಲ್ಲ. ಆದರೆ ಬೇರೊಂದು ಜಾಲಕ್ಕೆ ಹೊಂದಿಸಿಕೊಳ್ಳದ ಆಟಗಳಲ್ಲಿ ಆಟ ಮುಗಿದ ಮೇಲೆ ಪಟ್ಟಿಯನ್ನು ಕೇಳಿ ಹೊರಟ ಸಂದೇಶಕ್ಕೆ ಉತ್ತರ ಬರಲಿಲ್ಲ. ಅಂಕಗಳೂ ಪದಕಗಳೂ, ಮುಖ ನೋಡದೆ ಕೇವಲ ಆಟದ ಹೆಸರಿನಿಂದ ಪರಿಚಯವಾಗಿದ್ದ ಗೆಳೆಯರೂ ಒಟ್ಟಿಗೆ ಮರೆಯಾದರು.

ನಮ್ಮ ನಾಡಿನ ವಿದ್ಯಾರ್ಥಿಗಳು ಇದರ ಇನ್ನೊಂದು ರೂಪವನ್ನು ಕಂಡಿದ್ದಾರೆ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರವು ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಒಂದು. ಆಟವು ಮೊಬೈಲುಗಳಿಂದ ಕೂಡಲೆ ಅಳಿಸಿಹೋಗಲಿಲ್ಲ. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರು ಬಾಗಿಲು ಮುಚ್ಚಿದ ಮೇಲೆ ಮಾತ್ರ ಅದು ಜೀವವಿಲ್ಲದ ಚಿತ್ರವಾಯಿತು. 2021ರ ಜುಲೈಯಲ್ಲಿ ಬೇರೆ ಹೆಸರಿನಿಂದ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಅದು ಮರಳಿ ಬಂದಾಗ, ಆಟಗಾರನ ಒಪ್ಪಿಗೆ ಪಡೆದು ಹಳೆಯ ಲೆಕ್ಕವನ್ನು ಹೊಸ ಪುಸ್ತಕಕ್ಕೆ ಸಾಗಿಸಲು ಕೆಲಕಾಲ ಅವಕಾಶವಿತ್ತು. ಒಪ್ಪಿಗೆ ಕೊಟ್ಟವರಿಗೆ ತಾವು ಕೊಂಡಿದ್ದ ವೇಷಭೂಷಣಗಳು ಮರಳಿ ದೊರೆತುವು. ಗಡುವನ್ನು ಮರೆತವರು ಬರಿಗೈಯಲ್ಲಿ ಮೊದಲಿನಿಂದ ಆರಂಭಿಸಿದರು.